ಗಾಡಿ ಮಿಸ್ಸಿಂಗ್ ಹೊಡೆದರೆ ಮೊದಲು ಪತ್ತೆ, ಆಮೇಲೆ ಪಾರ್ಟ್ಸ್

ಗಾಡಿ ಮಿಸ್ಸಿಂಗ್ ಅಂತ ಗ್ಯಾರೇಜಿಗೆ ಹೋದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ಕೇಳೋ ಮೊದಲ ಪ್ರಶ್ನೆ, "ಅಣ್ಣಾ, ಏನ್ ಹಾಕಿಸ್ಬೇಕು?" ದುಡ್ಡು ಸೋರೋಕೆ ಶುರುವಾಗೋದೇ ಈ ಪ್ರಶ್ನೆಯಿಂದ ಅನ್ನೋದು ನನ್ನ ಅಭಿಪ್ರಾಯ. ಕೇಳಬೇಕಾದ್ದು, "ಯಾವ ಸಿಲಿಂಡರ್ ಹೊಡೀತಿಲ್ಲ? ಯಾಕೆ ಹೊಡೀತಿಲ್ಲ?" ಅಂತ. ಉತ್ತರ ಸಿಗೋವರೆಗೂ ಒಂದು ವಾಷರ್ ಕೂಡ ಹೊಸದು ಹಾಕಿಸಬಾರದು.

ನಾನು ಮೆಕ್ಯಾನಿಕ್ ಅಲ್ಲ. ಕೋಲಾರದ ಕಡೆ ತರಕಾರಿ ಬೆಳೆಯೋನು, ಹಳೇ ಡೀಸೆಲ್ ಪಿಕಪ್ಪಿನಲ್ಲಿ ನಾನೇ ಮಾರ್ಕೆಟ್ಟಿಗೆ ಲೋಡ್ ಹಾಕ್ಕೊಂಡು ಹೋಗೋನು. ಗಾಡಿ ನಿಂತರೆ ಏನಾಗುತ್ತೆ ಅನ್ನೋದು ನಮಗೆಲ್ಲ ಗೊತ್ತು. ಕಿತ್ತ ಟೊಮೆಟೊ ಕಾಯಲ್ಲ. ಬಾಡಿಗೆ ಗಾಡಿಯವನು ಹೇಳಿದ್ದೇ ರೇಟು. ಹರಾಜಿಗೆ ಲೇಟಾದರೆ ಆ ದಿನದ ಬೆಲೆ ಕೈತಪ್ಪುತ್ತೆ. ಇಷ್ಟೆಲ್ಲ ಒತ್ತಡ ಇರೋದ್ರಿಂದಲೇ "ಏನಾದ್ರೂ ಹಾಕಿ, ಗಾಡಿ ಬಿಡಿ ಅಣ್ಣಾ" ಅಂತೀವಿ.

ಹೋದ ಸೀಸನ್‌ನಲ್ಲಿ ಪಕ್ಕದ ಊರಿನ ಹುಡುಗನೊಬ್ಬನ ಗಾಡಿಗೆ ಹೀಗೇ ಆಯ್ತು. ಬೆಳಗ್ಗೆ ಸೆಲ್ಫ್ ಎಳೆದೂ ಎಳೆದೂ ಸ್ಟಾರ್ಟ್ ಆಗೋದು, ಆಮೇಲೆ ಐದು ನಿಮಿಷ ಮಿಸ್ಸಿಂಗ್, ಏರು ಹತ್ತುವಾಗ ಮತ್ತೆ ಮಿಸ್ಸಿಂಗ್. ಮೊದಲು ನಾಲ್ಕೂ ನಾಝಲ್ ಬದಲಾಯ್ತು. ಹೋಗಲಿಲ್ಲ. ಪಂಪು ಇಳಿಸಿ ಸರ್ವಿಸ್‌ಗೆ ಕಳಿಸಿದರು. ಅದಕ್ಕೂ ಹೋಗಲಿಲ್ಲ. ಕೊನೆಗೆ ಬೇರೊಬ್ಬ ಮೇಸ್ತ್ರಿ ಫಿಲ್ಟರಿಗೂ ಪಂಪಿಗೂ ಮಧ್ಯೆ ಪಾರದರ್ಶಕ ಪೈಪಿನ ಒಂದು ತುಂಡು ಸಿಕ್ಕಿಸಿ ಸ್ಟಾರ್ಟ್ ಮಾಡಿದ. ಡೀಸೆಲ್ ಜೊತೆ ಗುಳ್ಳೆ ಗುಳ್ಳೆಯಾಗಿ ಗಾಳಿ ಬರ್ತಿತ್ತು. ಟ್ಯಾಂಕಿನ ಹತ್ತಿರ ರಬ್ಬರ್ ಪೈಪು ಕೂದಲೆಳೆಯಷ್ಟು ಸೀಳಿತ್ತು. ನೂರಿನ್ನೂರು ರೂಪಾಯಿಯ ಪೈಪು ಸಿಗೋಕೆ ಮುಂಚೆ ನಾಲ್ಕು ದಿನ ಹೋಗಿತ್ತು, ಸಾವಿರಗಟ್ಟಲೆ ಖರ್ಚಾಗಿತ್ತು. ಮೊದಲ ಮೆಕ್ಯಾನಿಕ್ ಮೋಸ ಮಾಡಿದ ಅಂತ ನಾನು ಹೇಳಲ್ಲ. ಅವನು ಊಹೆ ಮಾಡಿದ, ನಾವು ಆ ಊಹೆಗೆ ದುಡ್ಡು ಕಟ್ಟಿದ್ವಿ.

ಮಿಸ್ಸಿಂಗ್ ಯಾವುದು, ಮಿಸ್ಸಿಂಗ್ ಅಲ್ಲದ್ದು ಯಾವುದು

ನಾಲ್ಕು ಸಿಲಿಂಡರ್ ಎಂಜಿನ್ 800 ಆರ್‌ಪಿಎಂನಲ್ಲಿ ಐಡಲ್ ಓಡ್ತಿದ್ರೆ ಒಂದೊಂದು ಸಿಲಿಂಡರೂ ನಿಮಿಷಕ್ಕೆ 400 ಸಲ ಹೊಡೀಬೇಕು. ಎರಡು ಸುತ್ತಿಗೆ ಒಂದು ಸಲ, ಅದು ಲೆಕ್ಕ. ಅದರಲ್ಲಿ ಒಂದು ಸಿಲಿಂಡರ್ ಹೊಡೀದೇ ಇದ್ರೆ ಕಾಲು ಭಾಗ ಶಕ್ತಿ ಹೋಯ್ತು. ಸಾಲದ್ದಕ್ಕೆ ಆ ಸತ್ತ ಸಿಲಿಂಡರನ್ನು ಉಳಿದ ಮೂರು ಹೊತ್ಕೊಂಡು ತಿರುಗಿಸಬೇಕು. 2005ರಲ್ಲಿ ಬಂದ ಟಾಟಾ ಏಸ್‌ನಂಥ ಗಾಡಿಯಲ್ಲಿ ಇರೋದೇ ಎರಡು ಸಿಲಿಂಡರ್, 702 ಸಿಸಿ. ಅಲ್ಲಿ ಒಂದು ಮಿಸ್ ಆದರೆ ಅರ್ಧ ಎಂಜಿನ್ ಹೋದಂಗೆ, ಲೋಡ್ ಇದ್ರೆ ಗಾಡಿ ಮುಂದಕ್ಕೇ ಹೋಗಲ್ಲ.

ಆದರೆ ನಡುಗಿದ್ದೆಲ್ಲ ಮಿಸ್ಸಿಂಗ್ ಅಲ್ಲ. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ರೂ ಕ್ಯಾಬಿನ್ ನಡುಗುತ್ತೆ. ಕ್ಲಚ್ ಸ್ಲಿಪ್ ಆದರೆ ಆರ್‌ಪಿಎಂ ಏರುತ್ತೆ, ಗಾಡಿ ಎಳೆಯಲ್ಲ. ಏರ್ ಫಿಲ್ಟರ್ ಕಟ್ಟಿದ್ರೆ, ಟರ್ಬೊ ಪೈಪ್ ಸೋರಿದ್ರೆ ನಾಲ್ಕೂ ಸಿಲಿಂಡರ್ ಒಟ್ಟಿಗೆ ಸೋಲುತ್ತೆ, ಕಪ್ಪು ಹೊಗೆ ಬರುತ್ತೆ, ಶಬ್ದ ಮಾತ್ರ ಸಮವಾಗೇ ಇರುತ್ತೆ. ನಿಜವಾದ ಮಿಸ್ಸಿಂಗ್‌ನಲ್ಲಿ ತಾಳ ತಪ್ಪುತ್ತೆ. ಸೈಲೆನ್ಸರ್ ಹತ್ತಿರ ನಿಂತು ಕೇಳಿ. ಒಂದೇ ಲಯದಲ್ಲಿ ಮತ್ತೆ ಮತ್ತೆ ತಪ್ಪಿದ್ರೆ ಒಂದು ನಿರ್ದಿಷ್ಟ ಸಿಲಿಂಡರ್ ಮೇಲೆ ಅನುಮಾನ. ಯಾವಾಗಲೋ ಒಮ್ಮೆ, ಲಯವೇ ಇಲ್ಲದೆ ತಪ್ಪಿದ್ರೆ ಎಲ್ಲಾ ಸಿಲಿಂಡರಿಗೂ ಒಟ್ಟಿಗೆ ಹೋಗೋ ಡೀಸೆಲ್ ಮೇಲೆ ಅನುಮಾನ. ಗಾಳಿ, ನೀರು, ಕಟ್ಟಿದ ಫಿಲ್ಟರ್, ಈ ಮೂರರಲ್ಲಿ ಒಂದು ಇರಬಹುದು. ಇದೊಂದು ವ್ಯತ್ಯಾಸ ಗೊತ್ತಾದರೆ ನಾಝಲ್‌ಗೆ ಕೈ ಹಾಕಬೇಕೋ ಪೈಪಿಗೆ ಕೈ ಹಾಕಬೇಕೋ ಅನ್ನೋದು ಅರ್ಧ ತೀರ್ಮಾನ ಆದಂಗೆ.

ಜೇಬಲ್ಲಿರೋ ಫೋನಿಗೆ ಕೆಲಸ ಕೊಡಿ

ಯೂಟ್ಯೂಬ್ ನೋಡಿ "ನನ್ನ ಗಾಡಿಗೂ ಇದೇ ಆಗಿದೆ" ಅಂತ ತೀರ್ಮಾನ ಮಾಡೋದಕ್ಕಿಂತ ನಿಮ್ಮ ಗಾಡಿಯದ್ದೇ ವಿಡಿಯೋ ಮಾಡಿ. ರಾತ್ರಿಯೆಲ್ಲ ನಿಂತಿದ್ದ ಗಾಡಿಯನ್ನ ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಯಾರಾದ್ರೂ ಸೈಲೆನ್ಸರ್ ಕಡೆ ನಿಂತು ಎರಡು ನಿಮಿಷ ಹಿಡೀಲಿ. ಹೊಗೆ, ಶಬ್ದ ಎರಡೂ ಬರಲಿ. ಗ್ಯಾರೇಜಿಗೆ ಹೋಗೋ ಹೊತ್ತಿಗೆ ಎಂಜಿನ್ ಬಿಸಿಯಾಗಿ ಮಿಸ್ಸಿಂಗ್ ಮಾಯ ಆಗಿರುತ್ತೆ, ಆಗ ಮೆಕ್ಯಾನಿಕ್‌ಗೆ ತೋರಿಸೋಕೆ ಈ ವಿಡಿಯೋನೇ ಸಾಕ್ಷಿ.

ಜೊತೆಗೆ ನೋಟ್ಸ್‌ನಲ್ಲಿ ನಾಲ್ಕು ವಿಷಯ ಬರೆದಿಡಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಖಾಲಿಯಲ್ಲೋ ಲೋಡ್‌ನಲ್ಲೋ? ಟ್ಯಾಂಕ್ ಕಡಿಮೆ ಇದ್ದಾಗ ಜಾಸ್ತಿಯಾ? ಕೊನೇ ಸಲ ಡೀಸೆಲ್ ಎಲ್ಲಿ, ಯಾವಾಗ ಹಾಕಿಸಿದ್ದು?

ಹೊಗೆಯ ಬಣ್ಣಕ್ಕೂ ಅರ್ಥ ಇದೆ. ಮಿಸ್ಸಿಂಗ್ ಜೊತೆ ಬಿಳಿ ಹೊಗೆ ಬಂದು ಹಸಿ ಡೀಸೆಲ್ ವಾಸನೆ, ಕಣ್ಣುರಿ ಇದ್ರೆ ಸಿಲಿಂಡರಿಗೆ ಡೀಸೆಲ್ ಹೋಗ್ತಿದೆ, ಉರೀತಿಲ್ಲ ಅಂತ. ಹೀಟರ್ ಪ್ಲಗ್ ಇರೋ ಎಂಜಿನ್‌ನಲ್ಲಿ ಬೆಳಗ್ಗೆ ಮಾತ್ರ ಹೀಗಾಗಿ ಆಮೇಲೆ ಸರಿಹೋದ್ರೆ ಮೊದಲು ಹೀಟರ್ ಪ್ಲಗ್ ನೋಡಿಸಿ. ಬಿಳಿ ಹೊಗೆ ನಿಲ್ಲದೇ ಬಂದು, ಸಿಹಿ ವಾಸನೆ ಇದ್ದು, ರೇಡಿಯೇಟರ್ ನೀರೂ ಇಳೀತಿದ್ರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ. ಮಿಸ್ ಆಗೋ ಸಿಲಿಂಡರಿಗೆ ಡೀಸೆಲ್ಲೇ ಹೋಗ್ತಿಲ್ಲ ಅಂದ್ರೆ ಹೊಗೆಯೇ ಇಲ್ಲದಿರಬಹುದು. ಅದೂ ಒಂದು ಸುಳಿವು.

ಬಾಟಲಿ ಪರೀಕ್ಷೆ

ನನ್ನ ಕೇಳಿದ್ರೆ ಮಿಸ್ಸಿಂಗ್ ಪತ್ತೆ ಒಂದು ಖಾಲಿ ನೀರಿನ ಬಾಟಲಿಯಿಂದ ಶುರುವಾಗಬೇಕು. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬಿಡೋ ಸ್ಕ್ರೂ ಇರುತ್ತೆ. ಎಂಜಿನ್ ಆಫ್ ಮಾಡಿ, ಬಾಟಲಿ ಹಿಡಿದು ಒಂದು ಲೋಟದಷ್ಟು ಬಿಡಿ. ಹತ್ತು ನಿಮಿಷ ಅಲುಗಾಡಿಸದೇ ಇಟ್ಟು ಬೆಳಕಿಗೆ ಹಿಡಿದು ನೋಡಿ. ನೀರಿದ್ರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತೆ, ತುಕ್ಕಿದ್ರೆ ಕೆಂಪಗೆ ಕೂತಿರುತ್ತೆ. ಅದರ ಫೋಟೋ ತೆಗೆದಿಡಿ.

ತೋಟದಲ್ಲಿ ಬ್ಯಾರಲ್‌ನಲ್ಲಿ ಡೀಸೆಲ್ ಇಟ್ಕೊಳ್ಳೋರು ಇದನ್ನ ತಪ್ಪದೇ ಮಾಡಿ. ಬ್ಯಾರಲ್ ನೆಟ್ಟಗೆ ಬಯಲಲ್ಲಿ ನಿಂತಿದ್ರೆ ಮಳೆ ನೀರು ಮುಚ್ಚಳದ ಸುತ್ತ ನಿಲ್ಲುತ್ತೆ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದಾಗ ಬ್ಯಾರಲ್ ಆ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ಅರ್ಧ ಖಾಲಿ ಬ್ಯಾರಲ್‌ನ ಒಳಗೋಡೆಯಲ್ಲಿ ಬೆವರಿದಂಗೆ ನೀರು ಕಟ್ಟೋದು ಬೇರೆ. ಹಾಗಾಗಿ ಬ್ಯಾರಲ್ ಸೂರಿನ ಕೆಳಗಿರಲಿ, ಸ್ವಲ್ಪ ವಾಲಿಸಿಡಿ, ತಳದ ಎರಡು ಇಂಚು ಡೀಸೆಲ್ ಗಾಡಿಗೆ ಹಾಕ್ಬೇಡಿ.

ನೀರಿಲ್ಲ ಅಂದ್ರೆ ಗಾಳಿ ನೋಡಿ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಸೀಳಿದ್ರೆ ಎಷ್ಟೋ ಸಲ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಅದಕ್ಕೇ ಕಣ್ಣಿಗೆ ಬೀಳಲ್ಲ. ರಬ್ಬರ್ ಪೈಪನ್ನ ಬಗ್ಗಿಸಿ ಬಿರುಕು ನೋಡಿ. ಕ್ಲಿಪ್, ತಾಮ್ರದ ವಾಷರ್, ಫಿಲ್ಟರಿನ ರಬ್ಬರ್ ರಿಂಗ್ ನೋಡಿ. ಗೋಡೌನ್ ಹತ್ತಿರ ನಿಲ್ಲೋ ಗಾಡಿ ಆದರೆ ಇಲಿ ಕಡಿದಿದೆಯಾ ನೋಡಿ. ಇಲಿಗೆ ಡೀಸೆಲ್ ಪೈಪೂ ಒಂದೇ, ಸೆನ್ಸರ್ ವೈರೂ ಒಂದೇ. ಕೈಯಲ್ಲಿ ಒತ್ತೋ ಪ್ರೈಮಿಂಗ್ ಪಂಪ್‌ನಿಂದ ಏರ್ ತೆಗೆದ ಮೇಲೆ ಗಾಡಿ ಒಂದು ದಿನ ಚೆನ್ನಾಗಿ ಓಡಿ ಮರುದಿನ ಮತ್ತೆ ಮಿಸ್ಸಿಂಗ್ ಬಂದ್ರೆ ಎಲ್ಲೋ ಗಾಳಿ ಎಳೀತಿದೆ ಅಂತಲೇ ಲೆಕ್ಕ. ಆಗ ನಾಝಲ್ ಮಾತು ಎತ್ತೋಕೆ ಬಿಡಬೇಡಿ.

ಯಾವ ಸಿಲಿಂಡರ್?

ಡೀಸೆಲ್ ಸರಿ ಇದೆ, ಆದ್ರೂ ಒಂದೇ ಲಯದಲ್ಲಿ ತಪ್ತಿದೆ ಅಂದ್ರೆ ಈಗ ಸಿಲಿಂಡರ್ ಹುಡುಕಬೇಕು. ಸುಲಭದ್ದು ಹನಿ ನೀರಿನ ಪರೀಕ್ಷೆ. ಪೂರ್ತಿ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಬಿಡಿ. ಸೈಲೆನ್ಸರ್ ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರೋ ಜಾಗದಲ್ಲಿ, ಒಂದೊಂದು ಸಿಲಿಂಡರಿನ ಕವಲಿಗೂ ಒದ್ದೆ ಬಟ್ಟೆಯಿಂದ ಒಂದೇ ಒಂದು ಹನಿ ಬೀಳಿಸಿ. ಹೊಡೀತಿರೋ ಸಿಲಿಂಡರಿನ ಕವಲು ಬೇಗ ಕಾದು ಹನಿ ಆವಿಯಾಗುತ್ತೆ. ಸತ್ತ ಸಿಲಿಂಡರಿನದ್ದು ಹಿಂದೆ ಬೀಳುತ್ತೆ, ಹನಿ ಹಾಗೇ ಕೂತಿರುತ್ತೆ. ಕೈಯಿಂದ ಮುಟ್ಟಿ ನೋಡ್ಬೇಡಿ, ಫ್ಯಾನ್ ಬೆಲ್ಟಿನ ಹತ್ತಿರ ಟವೆಲ್, ತೋಳು ಹೋಗದಂಗೆ ನೋಡ್ಕೊಳ್ಳಿ. ಕಾದು ಕೆಂಡ ಆಗಿರೋ ಮ್ಯಾನಿಫೋಲ್ಡ್ ಮೇಲೆ ನೀರು ಸುರೀಬೇಡಿ, ಬಿರುಕು ಬಿಡುತ್ತೆ.

ಇನ್ನೊಂದು, ಹಳೇ ಮೇಸ್ತ್ರಿಗಳ ವಿಧಾನ. ಐಡಲ್‌ನಲ್ಲಿ ಓಡುವಾಗ ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ಟನ್ನ ಸ್ಪಾನರ್‌ನಲ್ಲಿ ಅರ್ಧ ಸುತ್ತು ಸಡಿಲ ಮಾಡೋದು. ಚೆನ್ನಾಗಿರೋ ಸಿಲಿಂಡರ್ ಆದರೆ ತಕ್ಷಣ ಶಬ್ದ ಬದಲಾಗಿ ಎಂಜಿನ್ ಕುಗ್ಗುತ್ತೆ. ಏನೂ ಬದಲಾಗದೇ ಇದ್ರೆ ಕಳ್ಳ ಅವನೇ. ಇದನ್ನ ಗೊತ್ತಿರೋರ ಕೈಯಲ್ಲೇ ಮಾಡಿಸಿ. ನಟ್ಟಿನ ಸುತ್ತ ಬಟ್ಟೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ, ಚಿಮ್ಮೋ ಡೀಸೆಲ್‌ಗೆ ಕೈ ಅಡ್ಡ ಹೋಗಬಾರದು, ಕಾದ ಮ್ಯಾನಿಫೋಲ್ಡ್ ಮೇಲೂ ಬೀಳಬಾರದು.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿ. ಈ ನಟ್ ಸಡಿಲ ಮಾಡೋ ಪರೀಕ್ಷೆ ಮೆಕ್ಯಾನಿಕಲ್ ಪಂಪ್ ಇರೋ ಹಳೇ ಎಂಜಿನ್‌ಗೆ ಮಾತ್ರ. ಇಂಜೆಕ್ಟರ್ ತಲೆ ಮೇಲೆ ವೈರ್ ಕನೆಕ್ಟರ್ ಇದ್ರೆ ಅದು ಸಿಆರ್‌ಡಿಐ. ಅದರ ಪೈಪಿಗೆ ಎಂಜಿನ್ ಓಡುವಾಗ ಸ್ಪಾನರ್ ಹಾಕಲೇಬಾರದು. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಇರೋ ಒತ್ತಡ ಹೆಚ್ಚುಕಡಿಮೆ 1 ಬಾರ್. ಸಿಆರ್‌ಡಿಐ ಪೈಪಿನೊಳಗೆ ಅದು 1000 ಬಾರ್ ದಾಟುತ್ತೆ. ಅಲ್ಲಿಂದ ಚಿಮ್ಮೋ ಡೀಸೆಲ್ ಸೂಜಿಯಂಗೆ ಚರ್ಮದೊಳಗೆ ನುಗ್ಗುತ್ತೆ. ಹೊರಗೆ ಸಣ್ಣ ಚುಕ್ಕೆ ಅಷ್ಟೇ ಕಂಡರೂ ಒಳಗೆ ಮಾಂಸ ಕೊಳೆತು ಬೆರಳು ಕತ್ತರಿಸೋ ಸ್ಥಿತಿ ಬರಬಹುದು. ಹಾಗೇನಾದ್ರೂ ಆದರೆ ಅರಿಶಿನ ಹಚ್ಚಿ ಕೂರದೇ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ, "ಒತ್ತಡದ ಡೀಸೆಲ್ ಒಳಗೆ ಹೋಗಿದೆ" ಅಂತ ಹೇಳಿ.

ಸಿಆರ್‌ಡಿಐ ಗಾಡಿಗೆ ಬೇರೆ ದಾರಿಗಳಿವೆ. ಹನಿ ನೀರಿನ ಪರೀಕ್ಷೆ ಇಲ್ಲೂ ನಡೆಯುತ್ತೆ. ಗ್ಯಾರೇಜಿನಲ್ಲಿ ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ಯಾವುದು ಜಾಸ್ತಿ ಡೀಸೆಲ್ ವಾಪಸ್ ಬಿಡುತ್ತೆ ಅಂತ ನೋಡ್ತಾರೆ. ಸ್ಕ್ಯಾನರ್ ಹಾಕಿದ್ರೆ ಕೋಡ್ ಬರಬಹುದು. ಪಿ0300 ಅಂದ್ರೆ ಬೇರೆ ಬೇರೆ ಸಿಲಿಂಡರ್ ಮಿಸ್ ಆಗ್ತಿದೆ ಅಂತ, ಪಿ0302 ಅಂದ್ರೆ ಎರಡನೇ ಸಿಲಿಂಡರ್ ಅಂತ. ಆದರೆ ಕೋಡ್ ಯಾರು ಮಿಸ್ ಹೊಡೆದ್ರು ಅಂತಷ್ಟೇ ಹೇಳುತ್ತೆ, ಯಾಕೆ ಅಂತ ಹೇಳಲ್ಲ. "ಸ್ಕ್ಯಾನರ್‌ನಲ್ಲಿ ಎರಡನೇದು ಬಂದಿದೆ, ಇಂಜೆಕ್ಟರ್ ಹಾಕೋಣ" ಅಂದ್ರೆ ಅದೂ ಊಹೆಯೇ. ಆ ಇಂಜೆಕ್ಟರಿನ ವೈರ್ ಇಲಿ ಕಡಿದಿದ್ರೂ ಅದೇ ಸಿಲಿಂಡರ್ ಮಿಸ್ ಆಗುತ್ತೆ.

ಅದಲು ಬದಲು ಮಾಡಿ ನೋಡಲಿ

ಸತ್ತ ಸಿಲಿಂಡರ್ ಗೊತ್ತಾದ ಮೇಲೆ ಇರೋದು ಎರಡೇ ಪ್ರಶ್ನೆ. ತಪ್ಪು ಇಂಜೆಕ್ಟರಿನದ್ದಾ, ಸಿಲಿಂಡರಿನದ್ದಾ? ಮೆಕ್ಯಾನಿಕಲ್ ಪಂಪಿನ ಎಂಜಿನ್‌ನಲ್ಲಿ ಇದಕ್ಕೆ ಉತ್ತರ ಸಿಗೋ ದಾರಿ ಸರಳ. ಎರಡನೇ ಸಿಲಿಂಡರ್ ಸತ್ತಿದೆ ಅನ್ಕೊಳ್ಳಿ. ಅದರ ಇಂಜೆಕ್ಟರ್ ಬಿಚ್ಚಿ ಮೂರನೇದಕ್ಕೆ ಹಾಕಿ, ಮೂರನೇದರದ್ದು ಇಲ್ಲಿಗೆ ಹಾಕಿ, ತಾಮ್ರದ ವಾಷರ್ ಮಾತ್ರ ಹೊಸದು. ಈಗ ಮಿಸ್ಸಿಂಗ್ ಮೂರನೇದಕ್ಕೆ ಹೋದ್ರೆ ಇಂಜೆಕ್ಟರ್ ತಪ್ಪು. ಅದೊಂದನ್ನೇ ಡೀಸೆಲ್ ಪಂಪ್ ಅಂಗಡಿಗೆ ಒಯ್ದು ಟೆಸ್ಟರ್‌ನಲ್ಲಿ ಸ್ಪ್ರೇ ನೋಡಿಸಿ. ಎಷ್ಟೋ ಸಲ ನಾಝಲ್ ಒಂದೇ ಬದಲಿಸಿದ್ರೆ ಸಾಕು, ನಾಲ್ಕೂ ಬೇಕಾಗಿಲ್ಲ. ಸಿಆರ್‌ಡಿಐನಲ್ಲಿ ಕೆಲವು ಇಂಜೆಕ್ಟರಿಗೆ ಕೋಡ್ ಇರುತ್ತೆ, ಅದಲು ಬದಲು ಮಾಡಿದ್ರೆ ಕೋಡನ್ನೂ ಬದಲಾಯಿಸಬೇಕು. ಅದಕ್ಕೆ ಸ್ಕ್ಯಾನರ್ ಇರೋ ಕಡೆಯೇ ಮಾಡಿಸಿ.

ಇಂಜೆಕ್ಟರ್ ಬದಲಾದ್ರೂ ಮಿಸ್ಸಿಂಗ್ ಎರಡನೇದರಲ್ಲೇ ಉಳಿದ್ರೆ ಮುಂದಿನದು ಟ್ಯಾಪೆಟ್, ಆಮೇಲೆ ಕಂಪ್ರೆಷನ್. ಟ್ಯಾಪೆಟ್ ಗ್ಯಾಪ್ ತೀರಾ ಬಿಗಿಯಾಗಿದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ. ಸೆಟ್ ಮಾಡಿಸೋಕೆ ಖರ್ಚು ಕಡಿಮೆ, ಆದ್ರೂ ಮೊದಲು ನೋಡಬೇಕಾದ ಇದನ್ನ ಕೊನೆಗೆ ನೋಡ್ತಾರೆ. ಕಂಪ್ರೆಷನ್ ಮೀಟರ್ ಹಾಕಿದಾಗ ಒಂದು ಸಿಲಿಂಡರ್ ಉಳಿದವಕ್ಕಿಂತ ತುಂಬಾ ಕೆಳಗಿದ್ರೆ ಒಳಗಿನ ಕೆಲಸ ಇದೆ ಅಂತ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ರೆ ಅವೆರಡರ ಮಧ್ಯೆ ಹೆಡ್ ಗ್ಯಾಸ್ಕೆಟ್ ಹೋಗಿರೋ ಸಾಧ್ಯತೆ ಹೆಚ್ಚು. ಹೆಡ್ ಬಿಚ್ಚೋ ಮಾತು ಈ ಮೀಟರ್ ನೋಡಿದ ಮೇಲೇ ಬರಬೇಕು.

ಪೆಟ್ರೋಲ್, ಸಿಎನ್‌ಜಿ ಪಿಕಪ್ ಇರೋರಿಗೂ ಇದೇ ತರ್ಕ. ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ರೆ ಸರಿ, ಪೆಟ್ರೋಲ್‌ನಿಂದ ಒದ್ದೆ ಇದ್ರೆ ಆ ಸಿಲಿಂಡರ್ ಹೊಡೀತಿಲ್ಲ. ಪ್ಲಗ್, ಕಾಯಿಲ್ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಬದಲಿಸಿ ಮಿಸ್ಸಿಂಗ್ ಹಿಂದೆ ಹೋಗುತ್ತಾ ನೋಡಿ. ಸಿಎನ್‌ಜಿಯಲ್ಲಿ ಮಾತ್ರ ಮಿಸ್ ಆಗಿ ಪೆಟ್ರೋಲ್‌ನಲ್ಲಿ ಚೆನ್ನಾಗಿದ್ರೆ ಮೊದಲು ಪ್ಲಗ್, ಕಾಯಿಲ್, ಆಮೇಲೆ ಗ್ಯಾಸ್ ಲೈನ್ ನೋಡಿಸಿ, ಯಾಕಂದ್ರೆ ಸಿಎನ್‌ಜಿ ಹೊತ್ತಿಸೋಕೆ ಬಲವಾದ ಕಿಡಿ ಬೇಕು. ಎಂಜಿನ್ ಓಡುವಾಗ ಬರಿಗೈಯಲ್ಲಿ ಪ್ಲಗ್ ವೈರ್ ಎಳೆಯೋದು ಬೇಡ. ಶಾಕ್ ಹೊಡೆಯುತ್ತೆ, ಕಾಯಿಲೂ ಹೋಗಬಹುದು.

ಪತ್ತೆಗೆ ಕೂಲಿ ಕೊಡಿ

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಹಳ್ಳಿ ಗ್ಯಾರೇಜುಗಳಲ್ಲಿ ಊಹೆಯ ರಿಪೇರಿ ನಡೆಯೋದಕ್ಕೆ ಅರ್ಧ ಕಾರಣ ನಾವೇ. ಮೆಕ್ಯಾನಿಕ್ ಎರಡು ಗಂಟೆ ಕೂತು ಸರಿಯಾಗಿ ಹುಡುಕಿ, "ಪೈಪ್ ಸೀಳಿತ್ತು, ಹಾಕಿದೀನಿ, 600 ಕೊಡಿ" ಅಂದ್ರೆ ನಾವು ಏನಂತೀವಿ? "ಒಂದು ಪೈಪಿಗೆ 600 ರೂಪಾಯಾ?" ಅಂತೀವಿ. ಅದೇ 12,000 ರೂಪಾಯಿ ಪಾರ್ಟ್ಸ್ ಬಿಲ್ ತೋರಿಸಿ 1,500 ಕೂಲಿ ಕೇಳಿದ್ರೆ ಚೌಕಾಸಿ ಮಾಡದೇ ಕೊಡ್ತೀವಿ, ಯಾಕಂದ್ರೆ ಹಳೇ ಪಾರ್ಟು ಕೈಯಲ್ಲಿ ಹಿಡ್ಕೊಂಡು ನೋಡಬಹುದು. ಹುಡುಕಿದ ಶ್ರಮ ಕೈಗೆ ಸಿಗಲ್ಲ. ಹುಡುಕೋದಕ್ಕೆ ಕೂಲಿ ಇಲ್ಲ ಅಂದ ಮೇಲೆ ಅವನಾದ್ರೂ ಯಾಕೆ ಹುಡುಕ್ತಾನೆ?

ಬೋರ್‌ವೆಲ್ ಹಾಕಿಸೋ ಮುಂಚೆ ಪಾಯಿಂಟ್ ನೋಡೋರಿಗೆ ದುಡ್ಡು ಕೊಡ್ತೀವಿ. ಮಣ್ಣು ಪರೀಕ್ಷೆ ಮಾಡಿಸದೇ ಗೊಬ್ಬರ ಸುರೀಬೇಡಿ ಅಂತ ಊರಿಗೆಲ್ಲ ಹೇಳ್ತೀವಿ. ಗಾಡಿ ವಿಷಯಕ್ಕೆ ಬಂದಾಗ ಮಾತ್ರ ಪರೀಕ್ಷೆ ಪುಕ್ಕಟೆ ಆಗಬೇಕು ಅಂದ್ರೆ ಹೇಗೆ?

ಹಾಗಾಗಿ ನಾನು ಹೇಳೋದು, ಗ್ಯಾರೇಜಿಗೆ ಹೋದ ತಕ್ಷಣ ಮಾತಾಡ್ಕೊಳ್ಳಿ: "ಅಣ್ಣಾ, ಚೆಕ್ ಮಾಡೋದಕ್ಕೆ ಎಷ್ಟು ತಗೋತೀರ? ಅದನ್ನ ಬೇರೆ ಕೊಡ್ತೀನಿ. ಏನು ತಪ್ಪಿದೆ ಅಂತ ತೋರಿಸಿ, ಆಮೇಲೆ ಪಾರ್ಟ್ಸ್ ಮಾತಾಡೋಣ." ಒಳ್ಳೇ ಮೆಕ್ಯಾನಿಕ್‌ಗೆ ಈ ಮಾತು ಖುಷಿ ಕೊಡುತ್ತೆ. "ಚೆಕ್ ಎಲ್ಲ ಏನೂ ಬೇಡ, ನಾಲ್ಕೂ ನಾಝಲ್ ಹಾಕಿಬಿಡೋಣ" ಅಂದ್ರೆ ಗಾಡಿ ತಿರುಗಿಸ್ಕೊಂಡು ಬನ್ನಿ.

"ನಮಗೇನು ಗೊತ್ತಾಗುತ್ತೆ, ಅವರ ಕೆಲಸ ಅವರು ಮಾಡ್ಲಿ" ಅನ್ನೋರಿದ್ದಾರೆ. ಸ್ಪಾನರ್ ನೀವೇ ಹಿಡೀಬೇಕು ಅಂತ ನಾನೂ ಹೇಳ್ತಿಲ್ಲ. ಹಸು ಮೇವು ಬಿಟ್ಟರೆ ಡಾಕ್ಟರಿಗೆ ಫೋನ್ ಮಾಡುವಾಗ ಯಾವಾಗಿಂದ, ಜ್ವರ ಇದೆಯಾ, ಸಗಣಿ ಹೇಗಿದೆ ಅಂತ ಹೇಳ್ತೀವಲ್ಲ, ಅಷ್ಟೇ ಕೆಲಸ ಇದು.

"ಲೋಡ್ ಇದೆ, ಸೀಸನ್ ಮುಗೀಲಿ, ಆಮೇಲೆ ನೋಡೋಣ" ಅನ್ನೋರಿಗೂ ಒಂದು ಮಾತು. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತೆ. ಡಿಪ್‌ಸ್ಟಿಕ್ ಎತ್ತಿ ನೋಡಿ. ಆಯಿಲ್ ಲೆವೆಲ್ ತಾನಾಗೇ ಏರಿದ್ರೆ, ತೆಳ್ಳಗಾಗಿ ಡೀಸೆಲ್ ವಾಸನೆ ಬರ್ತಿದ್ರೆ ಆ ಗಾಡಿ ಒಂದು ಟ್ರಿಪ್ ಕೂಡ ಓಡಿಸಬೇಡಿ. ಬೇರಿಂಗ್ ಹೋದ್ರೆ ಪೂರ್ತಿ ಎಂಜಿನ್ ಕೆಲಸ. ಸ್ಪ್ರೇ ಆಗದೇ ತೊಟ್ಟಿಕ್ಕೋ ಇಂಜೆಕ್ಟರ್ ಪಿಸ್ಟನ್ನನ್ನೇ ಸುಟ್ಟು ತೂತು ಮಾಡಬಲ್ಲದು. ಮೂರೇ ಸಿಲಿಂಡರಿನಲ್ಲಿ ಲೋಡ್ ಹೇರ್ಕೊಂಡು ಏರು ಹತ್ತೋದು, ಮಧ್ಯದಲ್ಲಿ ಎಂಜಿನ್ ಆಫ್ ಆದರೆ ಬ್ರೇಕ್ ಪೆಡಲ್ ಗಟ್ಟಿಯಾಗೋದು, ಇದು ಜೀವದ ಪ್ರಶ್ನೆ.

ಇವತ್ತು ಗಾಡಿ ಚೆನ್ನಾಗಿದ್ರೂ ಮೂರು ಕೆಲಸ ಮಾಡಿ. ನಾಳೆ ಬೆಳಗ್ಗೆ ಮೊದಲ ಸ್ಟಾರ್ಟ್‌ನ ಶಬ್ದ ಫೋನಿನಲ್ಲಿ ರೆಕಾರ್ಡ್ ಮಾಡಿಡಿ, ಗಾಡಿ ಕೆಟ್ಟಾಗ ಹೋಲಿಸೋಕೆ ಬೇಕು. ಡೀಸೆಲ್ ಫಿಲ್ಟರ್ ಬದಲಿಸಿದ ತಾರೀಖು, ಕಿಲೋಮೀಟರ್ ಬರೆದಿಡಿ. ಡ್ಯಾಶ್‌ಬೋರ್ಡಿನಲ್ಲಿ ಒಂದು ಖಾಲಿ ಬಾಟಲಿ ಇಟ್ಟಿರಿ. ಮಿಸ್ಸಿಂಗ್ ಶುರುವಾದ ದಿನ ನಿಮ್ಮ ಕೈ ಮೊದಲು ಹೋಗಬೇಕಾದ್ದು ಪರ್ಸಿಗಲ್ಲ, ಆ ಬಾಟಲಿಗೆ.